ಗೋಡೆಯಾಚೆ ಬಿತ್ತಿದ ಹುರುಳಿ

ನಮ್ಮ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಟ್ಟ ಕೂಡಲೇ ಅವರನ್ನು ಅಡುಗೆಮನೆಯ ಕಿಟಕಿಗೆ ಕರೆದೊಯ್ಯುವುದು ನನ್ನ ಚಾಳಿಯಾಗಿತ್ತು. ಕಿಟಕಿಯ ಕೆಳಗೆ ಬಿಲ್ಡಿಂಗಿನ ಹಿಂಗೋಡೆ, ಅದರಾಚೆ ಎರಡು ಸೀರೆ ಹಾಸಿದಷ್ಟು ಉದ್ದದ ಖಾಲಿ ಜಾಗ, ಆಮೇಲೆ ಒಂದು ಹಳ್ಳ, ಹಳ್ಳದಾಚೆ ಕಾಡು. ಇಪ್ಪತ್ತೆಂಟು ವರ್ಷ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಎದುರು ಮನೆಯವರು ಒಣಹಾಕಿದ ಬಟ್ಟೆ ನೋಡುತ್ತಾ ಅನ್ನ ಬಸಿದವಳು ನಾನು. ವಿಲೆ ಪಾರ್ಲೆಯ ಕಾಲೇಜಿನ ಲೈಬ್ರರಿಯಿಂದ ನಿವೃತ್ತಳಾದ ವರ್ಷವೇ ಊರಿನ ಈ ಕೊನೆಯಲ್ಲಿ ಮೊದಲ ಮಹಡಿಯ ಫ್ಲ್ಯಾಟ್ ಕೊಂಡೆವು. ಕಿಟಕಿ ತೆರೆದರೆ ಕಾಡು ಎಂದು ಜಂಬ ಕೊಚ್ಚಿಕೊಳ್ಳುವ ಅವಕಾಶ ಸಿಕ್ಕಿತು, ನಾನು ಅದನ್ನು ಒಂದು ದಿನವೂ ಬಿಡಲಿಲ್ಲ.

ಜಿಂಕೆಯದೊಂದೇ ತಕರಾರು. ಫ್ಲ್ಯಾಟ್ ತೋರಿಸಿದ ಬ್ರೋಕರ್, "ಸುಬಹ್ ಸುಬಹ್ ಹಿರನ್ ಆತಾ ಹೈ, ಆಂಟೀ" ಎಂದಿದ್ದ, ಬೆಳಬೆಳಿಗ್ಗೆ ಜಿಂಕೆ ಬರುತ್ತದಂತೆ. ನಾನು ಅದನ್ನು ಕಣ್ಣಾರೆ ಕಂಡವಳ ಹಾಗೆ ಬೆಂಗಳೂರು, ಮೈಸೂರಿನ ನೆಂಟರಿಗೆಲ್ಲ ಹೇಳಿಬಿಟ್ಟಿದ್ದೆ. ನಾಲ್ಕು ವರ್ಷವಾದರೂ ಆ ಜಾಗದಲ್ಲಿ ಕಂಡದ್ದು ಕೋತಿ, ಬೀದಿನಾಯಿ, ಮಳೆಗಾಲದಲ್ಲಿ ಒಂದು ಕೇರೆಹಾವು, ಅಷ್ಟೇ. ನನ್ನ ಗಂಡನ ತಂಗಿ ಬೆಂಗಳೂರಿನಿಂದ ಬಂದಾಗಲೆಲ್ಲ ಕಿಟಕಿಯ ಸರಳು ಹಿಡಿದು ನಿಂತು ಕೇಳುತ್ತಿದ್ದಳು: "ಎಲ್ಲಿ ಅತ್ತಿಗೆ ನಿಮ್ಮ ಜಿಂಕೆ? ಲೀವ್ ಹಾಕಿದ್ಯಾ?" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು.

ಐದನೆಯ ವರ್ಷ ಮೇ ತಿಂಗಳಲ್ಲಿ ಮಗಳ ಮದುವೆಯಾಯಿತು. ನಮ್ಮಲ್ಲಿ ಮದುವೆಗೆ ಮೊದಲು ಪಾಲಿಕೆ ಇಡುತ್ತಾರೆ. ಪುಟ್ಟ ಮಣ್ಣಿನ ಕುಡಿಕೆಗಳಿಗೆ ಮಣ್ಣು ತುಂಬಿ, ನೆನೆಸಿದ ನವಧಾನ್ಯ ಬಿತ್ತಿ, ಮುತ್ತೈದೆಯರು ಹಾಲು ನೀರು ಎರೆಯುತ್ತಾರೆ. ಮದುವೆ ಮುಗಿದ ಮೇಲೆ ಆ ಮೊಳಕೆಯನ್ನು ಯಾರೂ ತುಳಿಯಬಾರದು, ಕೆರೆಗೋ ಹೊಳೆಗೋ ಬಿಡಬೇಕು. ಈ ಊರಲ್ಲಿ ಹೊಳೆಗೆ ಎಲ್ಲಿಗೆ ಹೋಗುವುದು? ಹಿಂದಿನ ಹಳ್ಳ ಬೇಸಿಗೆಗೆ ಒಣಗಿತ್ತು. ಇರುವ ನಾಲೆಗಳನ್ನು ದಾಟುವಾಗ ನಾವು ಮೂಗಿಗೆ ಸೆರಗು ಹಿಡಿಯುತ್ತೇವೆ. ಮಗಳ ಮದುವೆಯ ಮೊಳಕೆಯನ್ನು ಅಲ್ಲಿ ಬಿಡಲು ಮನಸ್ಸು ಬರಲಿಲ್ಲ. ಪಂಪ್ ರೂಮಿನ ಹಿಂದೆ ಹಿಂಗೋಡೆಗೆ ತುಕ್ಕು ಹಿಡಿದ ಒಂದು ಸಣ್ಣ ಗೇಟು ಇತ್ತು. ವಾಚ್‌ಮನ್‌ನಿಂದ ಬೀಗದ ಕೈ ಇಸಿದುಕೊಂಡು, ಆಚೆ ಹೋಗಿ, ಐದೂ ಕುಡಿಕೆಗಳನ್ನು ಆ ಖಾಲಿ ಜಾಗದಲ್ಲಿ ಬೋರಲು ಹಾಕಿ ಕೈಮುಗಿದು ಬಂದೆ. ಅಲ್ಲಿ ಮನುಷ್ಯರ ಕಾಲು ಬೀಳುವುದಿಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಹಾಲು ಕಾಯಿಸಲು ಇಟ್ಟು ಕಿಟಕಿಯಾಚೆ ನೋಡಿದರೆ, ನಾನು ಬೋರಲು ಹಾಕಿದ ಜಾಗದಲ್ಲಿ ಹಸಿರು ಎದ್ದಿದೆ, ಆ ಹಸಿರಿನ ಮೇಲೆ ಒಂದು ಚುಕ್ಕೆ ಜಿಂಕೆ ಬಗ್ಗಿದೆ. ಪಕ್ಕದಲ್ಲಿ ಅದರ ಮರಿ. ಹಾಲು ಉಕ್ಕಿ ಸ್ಟವ್ ತುಂಬ ಹರಿಯಿತು. ಗಂಡ ಓಡಿ ಬಂದವರು ಸ್ಟವ್ ಆರಿಸುವುದನ್ನೂ ಮರೆತು ನಿಂತರು. ಮಗಳ ಮದುವೆಯ ಮೊಳಕೆ ಜಿಂಕೆಯ ಬಾಯಿಗೆ ಹೋಯಿತಲ್ಲ, ಇದಕ್ಕಿಂತ ಒಳ್ಳೆಯ ಶಕುನ ಬೇಕೇ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಆ ಒಂದು ಬೆಳಗಿಗೇ ನಾನು ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ಮೂರೇ ದಿನಕ್ಕೆ ಮೊಳಕೆ ಮುಗಿಯಿತು, ಜಿಂಕೆಯೂ ಬರಲಿಲ್ಲ. ನಾಲ್ಕನೆಯ ದಿನ ನಾನು ಡಬ್ಬದಿಂದ ಹುರುಳಿ, ಅಲಸಂದೆ, ಹೆಸರುಕಾಳು ತೆಗೆದು ರಾತ್ರಿ ನೆನೆಹಾಕಿದೆ. ಗೋಡೆಯಾಚೆ ಒಂದು ಬಿಲ್ವದ ಮರವಿತ್ತು. ಪೂಜೆಗೆ ಪತ್ರೆ ತರುತ್ತೇನೆಂದು ವಾಚ್‌ಮನ್‌ಗೆ ಹೇಳಿ ಗೇಟು ತೆಗೆಸುತ್ತಿದ್ದೆ. ಮೊದಲ ದಿನ ನಿಜವಾಗಿಯೂ ನಾಲ್ಕು ಪತ್ರೆ ಕಿತ್ತುಕೊಂಡು ಬಂದೆ. ಆಮೇಲೆ ಆ ನಾಟಕವನ್ನೂ ಬಿಟ್ಟೆ. ಹಳೆಯ ದೋಸೆ ಸಟ್ಟುಗದಲ್ಲಿ ಮಣ್ಣು ಕೆದಕಿ, ಸಾಲು ಹಿಡಿದು ಬಿತ್ತುತ್ತಿದ್ದೆ. ವಾಚ್‌ಮನ್ ಗೇಟಿನ ಬಳಿ ನಿಂತು ನೋಡುತ್ತಿದ್ದ.

"ಯಾಕೆ ಬೇಕು ನಿನಗೆ ಇದೆಲ್ಲ?" ಎಂದರು ಗಂಡ. "ಅವು ಕಾಡಿನ ಪ್ರಾಣಿ ಕಣೇ. ನಿನ್ನ ತಂಗಿ ಮಕ್ಕಳಲ್ಲ, ಕರೆದು ಊಟ ಹಾಕೋಕೆ."

"ನಾಲ್ಕು ಕಾಳು ಚೆಲ್ಲಿದ್ರೆ ಏನಾಗುತ್ತೆ ರೀ?" ಎಂದೆ.

ನಾಲ್ಕು ಕಾಳು ಎಂದದ್ದೂ ಸುಳ್ಳೇ. ಜುಲೈ ಮುಗಿಯುವ ಹೊತ್ತಿಗೆ ಆ ಎರಡು ಸೀರೆ ಉದ್ದದ ಜಾಗವೆಲ್ಲ ನನ್ನ ಹೊಲವಾಗಿತ್ತು. ಮೂರು ಪಾತಿ ಮಾಡಿ ವಾರಕ್ಕೊಂದರಂತೆ ಬಿತ್ತುತ್ತಿದ್ದೆ, ಒಂದು ಮೇಯ್ದು ಮುಗಿಯುವಾಗ ಇನ್ನೊಂದು ಎದ್ದಿರಬೇಕು. ಅಲಸಂದೆಯ ಎಳೆಗುಡಿಯೆಂದರೆ ಅವಕ್ಕೆ ಪ್ರಾಣ. ಹುರುಳಿಯನ್ನು ಬುಡದವರೆಗೂ ಮೇಯುತ್ತಿದ್ದವು. ಮೆಂತ್ಯ ಹಾಕಿದರೆ ಮೂಸಿ ಮುಂದೆ ಹೋಗುತ್ತಿದ್ದವು, ನಮ್ಮ ಮಗಳ ಹಾಗೆಯೇ. ಮೊದಲು ಎರಡು ಬಂದವು, ಆಮೇಲೆ ಐದು, ಒಂದು ಬೆಳಿಗ್ಗೆ ಹನ್ನೊಂದು ಎಣಿಸಿದೆ. ಕೊಂಬಿನ ಗಂಡು ಕೂಡ ಬಂತು. ಫ್ಯಾಮಿಲಿ ಗ್ರೂಪಿಗೆ ವೀಡಿಯೋ ಮೇಲೆ ವೀಡಿಯೋ ಕಳಿಸಿದೆ. ನಾದಿನಿ ಕೈಮುಗಿಯುವ ಚಿತ್ರ ಹಾಕಿ, "ಅತ್ತಿಗೆ, ಸೋತೆ. ಗೌರಿ ಹಬ್ಬಕ್ಕೆ ಅಲ್ಲಿಗೇ ಬರ್ತೀನಿ" ಎಂದು ಬರೆದಳು. ಬಿತ್ತುವ ಸಂಗತಿಯನ್ನು ನಾನು ಗ್ರೂಪಿನಲ್ಲಿ ಹೇಳಿರಲಿಲ್ಲ. ಜಿಂಕೆಗಳು ತಾವಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತವೆ ಎಂದೇ ಎಲ್ಲರೂ ತಿಳಿದಿದ್ದರು.

ಈಗ ಆ ಹೆಂಗಸಿನ ವಿಷಯ ಹೇಳಬೇಕು. ಹಳ್ಳದಾಚೆ, ಕಾಡಿನ ಅಂಚಿನಲ್ಲಿ, ಹತ್ತು ಹನ್ನೆರಡು ಗುಡಿಸಲುಗಳ ಒಂದು ಆದಿವಾಸಿ ಪಾಡಾ ಇದೆ. ನಮ್ಮ ಬಿಲ್ಡಿಂಗ್ ಏಳುವ ಎಷ್ಟೋ ತಲೆಮಾರಿಗೆ ಮೊದಲಿನಿಂದ ಅವರು ಅಲ್ಲಿದ್ದವರು. ಅಲ್ಲಿನ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ವಾರಕ್ಕೆರಡು ಸಲ ನಮ್ಮ ಮುಂಬಾಗಿಲ ಗೇಟಿನ ಬಳಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಮನೆಯ ಹಿಂದಿನ ತುಂಡು ನೆಲದಲ್ಲಿ ಬೆಳೆದ ತೊಂಡೆಕಾಯಿ, ಹೀರೆ, ಚಪ್ಪರದವರೆ. ಮಳೆಗಾಲದಲ್ಲಿ ಕಾಡಿನಿಂದ ಆಯ್ದ ಮಾಡಹಾಗಲಕಾಯಿ. ಅದಕ್ಕೆ ಅವಳು ಕರ್ಟೋಲಿ ಎನ್ನುತ್ತಿದ್ದಳು. ನನ್ನನ್ನು 'ಕಾಕೂ', ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ನನ್ನ ಹರಕು ಮರಾಠಿಗೆ ನಗುತ್ತಿದ್ದಳು, ನಾನು ಆರಿಸಿಟ್ಟ ಮೇಲೆ ಎರಡು ಕಾಯಿ ಹೆಚ್ಚಿಗೆ ಹಾಕುತ್ತಿದ್ದಳು.

ಶ್ರಾವಣದ ಒಂದು ದಿನ ಅವಳ ಬುಟ್ಟಿಯಲ್ಲಿ ಅರ್ಧ ಬುಟ್ಟಿಯೂ ತರಕಾರಿ ಇರಲಿಲ್ಲ. ಕೇಳಿದರೆ, "ಕಾಕೂ, ಯಂದಾ ಹರಣಂ ಖೂಪ್ ಯೇತಾತ್" ಎಂದಳು. ಈ ವರ್ಷ ಜಿಂಕೆಗಳು ಬಹಳ ಬರುತ್ತಿವೆ. ಮೊದಲೆಲ್ಲ ಅವು ಮೇಲಿನ ಗುಡ್ಡದಲ್ಲೇ ಇರುತ್ತಿದ್ದವು, ಈಗ ಯಾಕೋ ಹಳ್ಳಕ್ಕೆ ಇಳಿಯುತ್ತವೆ, ಹೋಗುವಾಗ ಬರುವಾಗ ಅವರೆ ಬಳ್ಳಿಯನ್ನೆಲ್ಲ ಮೇಯ್ದು ಹೋಗುತ್ತವೆ. ಯಾಕೆಂದು ಗೊತ್ತಾಗುತ್ತಿಲ್ಲ ಎಂದಳು.

ನನಗೆ ಯಾಕೆಂದು ಗೊತ್ತಿತ್ತು. ಬೇಡದಿದ್ದರೂ ಅವಳ ತೊಂಡೆಕಾಯಿಯನ್ನೆಲ್ಲ ಕೊಂಡುಕೊಂಡು ಮನೆಗೆ ಬಂದೆ. ಇನ್ನು ಬಿತ್ತುವುದಿಲ್ಲ ಎಂದು ಮೆಟ್ಟಿಲ ಮೇಲೆ ನಿರ್ಧಾರ ಮಾಡಿದೆ. ಒಳಗೆ ಬಂದು ಕ್ಯಾಲೆಂಡರ್ ನೋಡಿದರೆ ಗೌರಿ ಹಬ್ಬಕ್ಕೆ ಹದಿನೆಂಟೇ ದಿನ ಉಳಿದಿತ್ತು. ನಾದಿನಿಯ ಟಿಕೆಟ್ ಆಗಿತ್ತು. ಹಬ್ಬ ಮುಗಿಯಲಿ, ಆಮೇಲೆ ನಿಲ್ಲಿಸಿದರಾಯಿತು ಎಂದು ಆ ರಾತ್ರಿಯೂ ಹುರುಳಿ ನೆನೆಹಾಕಿದೆ.

ಆದರೂ ಮನಸ್ಸು ಚುಚ್ಚುತ್ತಿತ್ತು. ಹೋದ ವರ್ಷ ಬಾಲ್ಕನಿಗೆ ಪಾರಿವಾಳ ಬರದಂತೆ ಹೊಸ ಬಲೆ ಹಾಕಿಸಿದ್ದೆವು, ಹಳೆಯದು ಸುತ್ತಿ ಅಟ್ಟದ ಮೇಲಿತ್ತು. ಹಸಿರು ನೈಲಾನಿನ ಬಲೆ, ಗಟ್ಟಿಮುಟ್ಟಾಗಿಯೇ ಇತ್ತು. ಅದನ್ನು ತೆಗೆದು ಅವಳಿಗೆ ಕೊಟ್ಟೆ. "ಬಳ್ಳಿಯ ಸುತ್ತ ಕಟ್ಟು, ಜಿಂಕೆ ಬರೋದಿಲ್ಲ" ಎಂದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಮಾರನೆಯ ದಿನ ಇದಕ್ಕೆಂದೇ ಬಾಳೆ ಎಲೆಯಲ್ಲಿ ಕರ್ಟೋಲಿ ಸುತ್ತಿ ತಂದು ಕೊಟ್ಟು ಹೋದಳು. ನಾನು ಅದರ ಪಲ್ಯ ಮಾಡಿದೆ. ತುಂಬ ರುಚಿಯಾಗಿತ್ತು ಎಂಬುದೂ ನೆನಪಿದೆ.

ಗೌರಿ ಹಬ್ಬದ ಹಿಂದಿನ ದಿನ ನಾದಿನಿ ಬಂದಳು. ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಅವಳನ್ನು ಎಬ್ಬಿಸಿ ಕಿಟಕಿಗೆ ಕರೆದೊಯ್ದೆ. ಒಂಬತ್ತು ಜಿಂಕೆ ಇದ್ದವು. ಅವಳು ನನ್ನ ಭುಜ ಹಿಡಿದು, "ಪುಣ್ಯ ಮಾಡಿದ್ದೀರ ಅತ್ತಿಗೆ" ಎಂದಳು. ಆ ಸಂತೋಷದಲ್ಲಿ ನಾನು ಬಿತ್ತುವ ಗುಟ್ಟನ್ನೂ, ಬಲೆ ಕೊಟ್ಟ ಕಥೆಯನ್ನೂ ಅವಳಿಗೆ ಹೇಳಿಬಿಟ್ಟೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಎಲ್ಲದರಲ್ಲಿ ನನಗೆ ಪೂರ್ತಿ ಸಂತೋಷ ಕೊಟ್ಟ ಬೆಳಗು ಅದೊಂದೇ.

ಗಣೇಶ ಚತುರ್ಥಿಯ ಬೆಳಿಗ್ಗೆ ಕಡುಬಿಗೆ ಕಾಯಿ ತುರಿಯುತ್ತಿದ್ದಾಗ ಹಿಂದಿನಿಂದ ಗಲಾಟೆ ಕೇಳಿತು. ನಾನೂ ನಾದಿನಿಯೂ ಇಳಿದು ಹೋದೆವು. ತುಕ್ಕು ಹಿಡಿದ ಗೇಟು ತೆರೆದಿತ್ತು. ಆಚೆ ಕಾಡು ಕಾಯುವ ಮೂವರು ಗಾರ್ಡುಗಳು, ನಮ್ಮ ಸೊಸೈಟಿಯ ಸೆಕ್ರೆಟರಿ, ಬಿಲ್ಡಿಂಗಿನ ಏಳೆಂಟು ಜನ. ನಡುವೆ ಆ ಹೆಂಗಸು ಮತ್ತು ಅವಳ ಗಂಡ. ನೆಲದ ಮೇಲೆ ನನ್ನ ಪಾರಿವಾಳದ ಬಲೆ ಮುದ್ದೆಯಾಗಿ ಬಿದ್ದಿತ್ತು.

ಏನಾಯಿತೆಂದು ಜನರ ಮಾತಿನಿಂದ ತಿಳಿಯಿತು. ನಸುಕಿನಲ್ಲಿ ಕೊಂಬಿನ ಜಿಂಕೆ ಅವಳ ಬಳ್ಳಿಗೆ ಬಾಯಿ ಹಾಕಲು ಹೋಗಿ ಬಲೆಗೆ ಸಿಕ್ಕಿಕೊಂಡಿದೆ. ಎಳೆದಾಡಿ ಮುಂಗಾಲು ಮುರಿದುಕೊಂಡಿದೆ. ಅವಳ ಗಂಡನೇ ಓಡಿ ಹೋಗಿ ಗಾರ್ಡುಗಳನ್ನು ಕರೆತಂದಿದ್ದಾನೆ. ಅವರು ಬಲೆ ಕತ್ತರಿಸಿ ಜಿಂಕೆಯನ್ನು ಗಾಡಿಯಲ್ಲಿ ಸಾಗಿಸಿ, ಸುತ್ತ ಹುಡುಕುವಾಗ ಹಳ್ಳದ ಈಚೆ ನನ್ನ ಪಾತಿಗಳು ಕಣ್ಣಿಗೆ ಬಿದ್ದಿವೆ. ಸಾಲು ಹಿಡಿದು ಬಿತ್ತಿದ ಹುರುಳಿ, ಅಲಸಂದೆ. ಇಲ್ಲಿ ಮೇವು, ಅಲ್ಲಿ ಬಲೆ. ಜಿಂಕೆ ಹಿಡಿಯುವವರು ಮಾಡುವ ಕೆಲಸವೇ ಅದು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಲೆಕ್ಕ ಹಾಕುತ್ತಿದ್ದೆನೇನೋ.

"ಜಾಳೀ ಕುಠೂನ್ ಆಣಲೀ?" ಎಂದು ಹಿರಿಯ ಗಾರ್ಡ್ ಅವಳನ್ನು ಕೇಳಿದ. ಬಲೆ ಎಲ್ಲಿಂದ ತಂದೆ?

"ಬಿಲ್ಡಿಂಗ್‌ವಾಲ್ಯಾಂನೀ ದಿಲೀ" ಎಂದಳು. ಬಿಲ್ಡಿಂಗಿನವರು ಕೊಟ್ಟರು.

ಗಾರ್ಡ್ ನಕ್ಕ. ನಮ್ಮ ಸೆಕ್ರೆಟರಿಗೆ ಸಿಟ್ಟು ಬಂತು. ನಮ್ಮ ಬಿಲ್ಡಿಂಗಿನವರು ಈ ಗೇಟು ದಾಟುವುದೇ ಇಲ್ಲ, ಸುಮ್ಮನೆ ನಮ್ಮ ಹೆಸರು ತರಬೇಡ ಎಂದು ಅವಳಿಗೆ ಜೋರು ಮಾಡಿದರು. ಅವಳು ನನ್ನ ಕಡೆ ನೋಡಿದಳು. ಬೊಟ್ಟು ಮಾಡಿ ತೋರಿಸಲಿಲ್ಲ, 'ಈ ಕಾಕೂ ಕೊಟ್ಟದ್ದು' ಎನ್ನಲಿಲ್ಲ. ಸುಮ್ಮನೆ ನೋಡಿದಳು. ನಾನೇ ಹೇಳುತ್ತೇನೆ ಎಂದು ಕಾದಳು ಎಂದು ಈಗ ಅನಿಸುತ್ತದೆ. ವಾಚ್‌ಮನ್ ನೆಲ ನೋಡುತ್ತಿದ್ದ. ಪಕ್ಕದಲ್ಲಿ ನಾದಿನಿ ನನ್ನ ಮೊಣಕೈ ಹಿಡಿದಿದ್ದಳು.

ಗಾರ್ಡ್ ತಲೆಯೆತ್ತಿ ನಮ್ಮ ಅಡುಗೆಮನೆಯ ಕಿಟಕಿ ನೋಡಿ, ಅದು ಯಾರ ಮನೆ ಎಂದು ಕೇಳಿದ. ಸೆಕ್ರೆಟರಿ ನನ್ನನ್ನು ತೋರಿಸಿದರು. ಅವನ ದನಿ ಮೆತ್ತಗಾಯಿತು. "ಕಾಕೂ, ತುಮ್ಹೀ ರೋಜ್ ಬಘತಾ. ಹೇ ಕೋಣೀ ಪೇರ್ಲಂಯ್?" ನೀವು ದಿನಾ ನೋಡುತ್ತೀರಿ, ಇದನ್ನು ಬಿತ್ತಿದವರು ಯಾರು?

"ಮಾಹೀತ್ ನಾಹೀ" ಎಂದೆ.

ಗೊತ್ತಿಲ್ಲ. ಹರಕು ಮರಾಠಿಯವಳು ಅಂದು ಒಂದು ಅಕ್ಷರವೂ ತಪ್ಪದೆ ಹೇಳಿದೆ.

ಕಾನೂನಿಗೆ ಹೆದರಿ ಹಾಗೆಂದೆ ಎಂದು ಹೇಳಿಕೊಳ್ಳಬಹುದಿತ್ತು, ಅದೂ ನಿಜವಲ್ಲ. ಆ ಕ್ಷಣ ನನಗೆ ಜೈಲು, ಕೋರ್ಟು ಏನೂ ಹೊಳೆದಿರಲಿಲ್ಲ. ಆ ಏಳೆಂಟು ಜನರ ಮುಂದೆ, ದೋಸೆ ಸಟ್ಟುಗ ಹಿಡಿದು ಕಳ್ಳತನದಲ್ಲಿ ಜಿಂಕೆಗೆ ಹುರುಳಿ ಬಿತ್ತುವ ಮುದುಕಿಯಾಗಿ ನಿಲ್ಲಬೇಕಲ್ಲ ಎನಿಸಿತು. ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ ಜನ ನಗುತ್ತಾರೆ ಎನಿಸಿತು. ಅಷ್ಟು ಸಣ್ಣ ಕಾರಣಕ್ಕೆ ನನ್ನ ನಾಲಿಗೆ ಹೊರಳಿತು.

ಅವರಿಬ್ಬರನ್ನೂ ಕರೆದುಕೊಂಡು ಹೋದರು. ಮಧ್ಯಾಹ್ನದೊಳಗೆ ನನ್ನ ಪಾತಿಗಳನ್ನೂ, ಹಳ್ಳದಾಚೆ ಅವಳ ಬಳ್ಳಿಗಳನ್ನೂ ಕಿತ್ತರು. ನಾದಿನಿ ಕಡುಬಿಗೆ ಹೂರಣ ತುಂಬುತ್ತಾ, "ಬಿಡಿ ಅತ್ತಿಗೆ, ತಲೆ ಕೆಡಿಸ್ಕೋಬೇಡಿ. ಅವರಿಗೆಲ್ಲ ಇದು ಅಭ್ಯಾಸ ಇರುತ್ತೆ" ಎಂದಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಮಾಧಾನ.

ಗಂಡನಿಗೆ ವಿಷಯ ತಿಳಿದದ್ದು ನಾದಿನಿ ಊರಿಗೆ ಹೋದ ಮೇಲೆ. ಊಟಕ್ಕೆ ಕೂತಾಗ, "ನೀನು ಅಲ್ಲೇ ಇದ್ದೆಯಾ?" ಎಂದು ಕೇಳಿದರು. ಇದ್ದೆ ಎಂದೆ. "ಆ ಹೆಂಗಸೂ ಅಲ್ಲೇ ಇದ್ದಳಾ?" ಹೂಂ ಎಂದೆ. ಅವರು ತಟ್ಟೆಯಲ್ಲಿ ಕೈ ತೊಳೆದು ಎದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಅನ್ನ ಬಿಟ್ಟು ಎದ್ದದ್ದನ್ನು ನಾನು ನೋಡಿರಲಿಲ್ಲ.

ಗೇಟಿನ ಬಳಿ ಅವಳ ಬುಟ್ಟಿ ಕಾಣದೆ ಎರಡು ವಾರವಾಯಿತು. ವಿಚಾರಿಸಿದಾಗ ವಾಚ್‌ಮನ್ ಹೇಳಿದ: ಕೇಸ್ ಏನೂ ಆಗಲಿಲ್ಲ, ಜಿಂಕೆ ಉಳಿಯಿತು, ಆದರೆ ಇನ್ನು ಮುಂದೆ ಆ ನೆಲದಲ್ಲಿ ಏನೂ ಬೆಳೆಯುವುದಿಲ್ಲ ಎಂದು ಅವಳ ಗಂಡನಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಅವನು ನನ್ನ ಮುಖ ನೋಡದೆ ಹೇಳಿದ. ನಾನು ಅವತ್ತೇ ಆಟೋ ಹತ್ತಿ ಕಾಡಿನವರ ಆಫೀಸಿಗೆ ಹೋದೆ.

ಅಲ್ಲಿದ್ದ ಅಧಿಕಾರಿ ನನ್ನ ಮಗಳ ವಯಸ್ಸಿನವನು. ಕುರ್ಚಿ ಎಳೆದು ಕೂರಿಸಿದ, ಫ್ಯಾನ್ ನನ್ನ ಕಡೆ ತಿರುಗಿಸಿದ, ಚಹಾ ತರಿಸಿದ. ನಾನು ಎಲ್ಲ ಹೇಳಿದೆ. ಬಿತ್ತಿದ್ದು ನಾನು, ಬಲೆ ಕೊಟ್ಟದ್ದು ನಾನು, ಗೊತ್ತಿಲ್ಲ ಎಂದದ್ದೂ ನಾನು. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ. ಅವನು ನಕ್ಕ. "ಆಂಟೀ, ಆಪ್ ತೋ ನೇಚರ್ ಲವರ್ ಹೈಂ" ಎಂದ. ಇನ್ನು ಮುಂದೆ ಹಾಗೆ ಮಾಡಬೇಡಿ, ಪ್ರಾಣಿಗಳ ಅಭ್ಯಾಸ ಕೆಡುತ್ತದೆ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದ. ನಾನು ಹೇಳಿದ್ದನ್ನು ಬರೆದುಕೊಳ್ಳಿ ಎಂದರೆ, ಅದೆಲ್ಲ ಯಾಕೆ ಎಂದ. ಹಾಗಾದರೆ ಅವರ ಹೆಬ್ಬೆಟ್ಟಿನ ಕಾಗದ ವಾಪಸ್ ಕೊಡಿ ಎಂದೆ. ಅದು ಬೇರೆ ವಿಷಯ, ಅದು ಕಾಡಿನ ನೆಲ, ಅಲ್ಲಿ ಬೆಳೆಯುವುದು ಮೊದಲಿನಿಂದಲೂ ತಕರಾರಿನದೇ, ಕಾಗದ ಮೇಲಕ್ಕೆ ಹೋಗಿದೆ ಎಂದ. ಚಹಾ ಆರುತ್ತಿದೆ, ಕುಡಿಯಿರಿ ಎಂದ. ಕುಡಿದೆ. ವಾಪಸ್ ಬರುವಾಗ ಆಟೋದಲ್ಲಿ ಮನಸ್ಸು ಹಗುರವಾಗಿತ್ತು. ಆ ಹಗುರವನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮುಖ ನೋಡಿಕೊಳ್ಳಲಾಗುವುದಿಲ್ಲ.

ಮಾರನೆಯ ದಿನ ಹಳ್ಳ ದಾಟಿ ಪಾಡಾಕ್ಕೆ ಹೋದೆ. ಐದು ವರ್ಷದಲ್ಲಿ ಮೊದಲ ಸಲ. ಕಿಟಕಿಯಿಂದ ದಿನಾ ನೋಡುತ್ತಿದ್ದ ಜಾಗಕ್ಕೆ ನಡೆದರೆ ಏಳು ನಿಮಿಷ. ಅವಳ ಮನೆಯ ಹಿಂದೆ ಬಿದಿರಿನ ಚಪ್ಪರ ಬರಿದಾಗಿ ನಿಂತಿತ್ತು. ಅವಳು ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ನನ್ನನ್ನು ನೋಡಿ ಏಳಲೂ ಇಲ್ಲ, ಹೋಗೆಂದೂ ಅನ್ನಲಿಲ್ಲ. ನಾನು ನಿಂತೇ ಹೇಳಿದೆ. ಆಫೀಸಿಗೆ ಹೋಗಿದ್ದೆ, ಎಲ್ಲ ಒಪ್ಪಿಕೊಂಡೆ, ನನ್ನದು ತಪ್ಪಾಯಿತು ಎಂದೆ. ಕಾಗದ ಮಾತ್ರ ವಾಪಸ್ ಬರುವುದಿಲ್ಲವಂತೆ ಎಂದೂ ಹೇಳಿದೆ.

ಅವಳು ಅಕ್ಕಿಯೊಳಗಿನ ಕಲ್ಲು ಆರಿಸುತ್ತಾ ಕೇಳಿಸಿಕೊಂಡಳು. ತಮ್ಮನ್ನು ಅಂದು ಸಂಜೆಯವರೆಗೂ ಆ ಆಫೀಸಿನ ಅಂಗಳದಲ್ಲೇ ನಿಲ್ಲಿಸಿದ್ದರು, ತನ್ನ ಗಂಡನಿಗೆ ಮಂಡಿನೋವು ಎಂದಳು. ಆಮೇಲೆ ತಲೆಯೆತ್ತಿ, ಸಿಟ್ಟಿಲ್ಲದೆ, ತಿಳಿದುಕೊಳ್ಳುವ ಆಸೆಯಿಂದ ಕೇಳುವವಳ ಹಾಗೆ ಕೇಳಿದಳು:

"ತುಮ್ಹಾಲಾ ಬಸಾಯ್‌ಲಾ ಖುರ್ಚೀ ದಿಲೀ ಕಾ, ಕಾಕೂ?"

ನಿಮಗೆ ಕೂರಲು ಕುರ್ಚಿ ಕೊಟ್ಟರಾ?

ಕೊಟ್ಟರು ಎಂದೆ. ಅವಳು ತಲೆಯಾಡಿಸಿ ಮೊರ ಎತ್ತಿಕೊಂಡಳು. ಚಹಾ ಕೊಟ್ಟದ್ದನ್ನು ನಾನು ಹೇಳಲಿಲ್ಲ.